ನಂಬಿಕೆ, ಸತ್ಕ್ರಿಯೆ ಮತ್ತು ನೆರೆಯವನು

ಕ್ರೈಸ್ತರ ಹೊಸ ಒಡಂಬಡಿಕೆ ಎಂಬ ಒಂದೇ ಸಂಪುಟದೊಳಗೆ ಎರಡು ಪತ್ರಗಳು ಎದುರುಬದುರಾಗಿ ನಿಂತಿವೆ. ಒಂದು, ಅಪೊಸ್ತಲ ಪೌಲನು ರೋಮಿನ ಸಭೆಗೆ ಬರೆದುದು. ಇನ್ನೊಂದು, ಯಾಕೋಬನ ಹೆಸರಿನಲ್ಲಿ ಬಂದುದು. ಮನುಷ್ಯನು ದೇವರ ಸನ್ನಿಧಿಯಲ್ಲಿ ನೀತಿವಂತನೆನಿಸಿಕೊಳ್ಳುವುದು ನಂಬಿಕೆಯ ಮೂಲಕ, ಧರ್ಮಶಾಸ್ತ್ರವು ವಿಧಿಸಿದ ಕ್ರಿಯೆಗಳ ಬಲದಿಂದಲ್ಲ ಎಂಬುದು ಪೌಲನ ವಾದ. ಕ್ರಿಯೆಯಿಲ್ಲದ ನಂಬಿಕೆಯು ಉಸಿರಿಲ್ಲದ ದೇಹಕ್ಕೆ ಸಮಾನ ಎಂಬುದು ಯಾಕೋಬನ ವಾದ. ವಿಶೇಷವೆಂದರೆ ಇಬ್ಬರೂ ಸಾಕ್ಷಿಗೆ ಕರೆಯುವುದು ಒಬ್ಬನನ್ನೇ, ಮೂಲಪಿತೃ ಅಬ್ರಹಾಮನನ್ನು. ಇಬ್ಬರೂ ಎತ್ತಿ ಹೇಳುವುದು ಆದಿಕಾಂಡದ 15ನೆಯ ಅಧ್ಯಾಯದ ಒಂದೇ ವಾಕ್ಯವನ್ನು. ಮಗ ಹುಟ್ಟುವ ಮೊದಲು, ಸುನ್ನತಿಯ ವಿಧಿ ಬರುವ ಮೊದಲು, ಬರಿಯ ವಾಗ್ದಾನವನ್ನು ನಂಬಿ ನಿಂತ ಅಬ್ರಹಾಮನು ಪೌಲನಿಗೆ ಕಾಣುತ್ತಾನೆ. ಅದೇ ಮಗನನ್ನು ಬಲಿಪೀಠದ ಮೇಲೆ ಮಲಗಿಸಿದ ಅಬ್ರಹಾಮನು ಯಾಕೋಬನಿಗೆ ಕಾಣುತ್ತಾನೆ. ಈ ಎರಡು ಚಿತ್ರಗಳ ನಡುವಿನ ಬಿರುಕಿನಲ್ಲಿ ಪಶ್ಚಿಮದ ಕ್ರೈಸ್ತ ಜಗತ್ತು ಹದಿನಾರನೆಯ ಶತಮಾನದಲ್ಲಿ ಇಬ್ಭಾಗವಾಯಿತು.

ಇದನ್ನು ಪಂಡಿತರ ಶಬ್ದಕಲಹವೆಂದು ಬದಿಗಿಡುವಂತಿಲ್ಲ. ಸಾಯುವ ಹಾಸಿಗೆಯಲ್ಲಿ ಮಲಗಿದವನು ತಾನು ಮಾಡಿದ್ದಕ್ಕೆ ಏನಾದರೂ ಬೆಲೆಯುಂಟೇ, ಮಾಡದೆ ಬಿಟ್ಟಿದ್ದಕ್ಕೆ ಕ್ಷಮೆಯುಂಟೇ ಎಂದು ಕೇಳುವ ಪ್ರಶ್ನೆಯೇ ಇದರ ಒಳಗಿದೆ. ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆಯೂ ಇದೆ. ನನ್ನ ಮಟ್ಟಿಗೆ ಅದೇ ಹೆಚ್ಚು ಕಠಿಣವಾದುದು. ನಾನು ರಕ್ಷಣೆಯನ್ನು ಪಡೆಯುವ ಈ ವ್ಯವಹಾರದಲ್ಲಿ ನನ್ನ ಪಕ್ಕದಲ್ಲಿರುವ ಇನ್ನೊಬ್ಬನ ಸ್ಥಾನವೇನು? ಅವನು ನನ್ನ ಪುಣ್ಯಕ್ಕೆ ಏಣಿಯೋ, ಅಥವಾ ತನ್ನಷ್ಟಕ್ಕೆ ತಾನೇ ಗಣ್ಯನಾದ ಮನುಷ್ಯನೋ?

ಮೊದಲು ಮಾತುಗಳನ್ನು ಸ್ವಲ್ಪ ಬಿಡಿಸಿ ನೋಡಬೇಕು. ಪೌಲನು ಬಳಸಿದ ಗ್ರೀಕ್ ಶಬ್ದ ಪಿಸ್ತಿಸ್. ಒಂದು ಸಂಗತಿ ನಿಜವೆಂದು ಒಪ್ಪುವುದು, ಒಬ್ಬನ ಮೇಲೆ ಭರವಸೆಯಿಡುವುದು, ಕೊಟ್ಟ ಮಾತಿಗೆ ನಿಷ್ಠನಾಗಿರುವುದು, ಈ ಮೂರೂ ಅರ್ಥಗಳು ಅದರಲ್ಲಿ ಬೆರೆತಿವೆ. ಕನ್ನಡದ ಪ್ರಾಟೆಸ್ಟೆಂಟ್ ಸಭೆಗಳು ಇದನ್ನು ‘ನಂಬಿಕೆ’ ಎನ್ನುತ್ತವೆ. ಕಥೋಲಿಕರಲ್ಲಿ ‘ವಿಶ್ವಾಸ’ ಎಂಬುದು ರೂಢಿ. ಎರಡೂ ಒಳ್ಳೆಯ ಶಬ್ದಗಳೇ. ‘ನಂಬಿಕೆ’ಯ ಪಕ್ಕದಲ್ಲಿ ‘ನಂಬಿಗಸ್ತ’ ಎಂಬ ಮಾತಿದೆ. ಅಲ್ಲಿ ನಂಬುವವನಷ್ಟೇ ಅಲ್ಲ, ನಂಬಬಹುದಾದವನೂ ಇದ್ದಾನೆ. ‘ವಿಶ್ವಾಸ’ವನ್ನು ನಮ್ಮ ಜನ ‘ಪ್ರೀತಿ ವಿಶ್ವಾಸ’ ಎಂದು ಜೋಡಿಯಾಗಿಯೇ ಆಡುತ್ತಾರೆ. ಒಲವಿಲ್ಲದ ವಿಶ್ವಾಸವನ್ನು ಕನ್ನಡಿಗರ ಕಿವಿ ಬೇಗನೆ ಒಪ್ಪುವುದಿಲ್ಲ. ಯಾಕೋಬನು ಟೀಕಿಸುವ ನಂಬಿಕೆ ಇವೆರಡೂ ಅಲ್ಲ. ದೇವರು ಒಬ್ಬನೇ ಎಂದು ದೆವ್ವಗಳೂ ನಂಬಿ ನಡುಗುತ್ತವೆ ಎನ್ನುವಾಗ ಅವನು ಹೇಳುತ್ತಿರುವುದು ಬರಿಯ ಒಪ್ಪಿಗೆಯನ್ನು. ಪೌಲನಾದರೋ ಬಾಳನ್ನೇ ಒಪ್ಪಿಸಿಬಿಡುವ ಭರವಸೆಯ ಮಾತನಾಡುತ್ತಿದ್ದಾನೆ. ಹಾಗೆಯೇ ಪೌಲನು ನಿರಾಕರಿಸುವ ‘ಕ್ರಿಯೆ’ಗಳಲ್ಲಿ ಸುನ್ನತಿ, ಆಹಾರನಿಯಮ, ವಿಶೇಷ ದಿನಗಳ ಆಚರಣೆ ಮೊದಲಾದವು ಮುಖ್ಯವಾಗಿದ್ದವು, ಯಾಕೋಬನು ಒತ್ತಾಯಿಸುವುದು ಹಸಿದವನಿಗೆ ಅನ್ನ, ಬಟ್ಟೆಯಿಲ್ಲದವನಿಗೆ ಬಟ್ಟೆ.

ಇಷ್ಟು ಹೇಳಿ ಇಬ್ಬರನ್ನೂ ರಾಜಿ ಮಾಡಿಸಿಬಿಡುವುದು ವ್ಯಾಖ್ಯಾನಕಾರರ ಹಳೆಯ ಪದ್ಧತಿ. ನನಗೆ ಅದು ಅರ್ಧ ದಾರಿಯೆಂದು ತೋರುತ್ತದೆ. ಎರಡು ಪತ್ರಗಳಲ್ಲಿಯೂ ವಾದಕ್ಕೆ ಕಾರಣವಾದ ಸನ್ನಿವೇಶವನ್ನು ನೋಡಿದರೆ ಬೇರೊಂದು ಸಂಗತಿ ಹೊಳೆಯುತ್ತದೆ. ಈ ವಿಷಯವನ್ನು ಪೌಲನು ಮೊದಲು ಎತ್ತಿದ್ದು ಗಲಾತ್ಯದವರಿಗೆ ಬರೆದ ಪತ್ರದಲ್ಲಿ. ಅಲ್ಲಿ ಅವನು ಹೇಳುವ ಘಟನೆ ಅಂತಿಯೋಕ್ಯ ಪಟ್ಟಣದ ಒಂದು ಊಟದ ಪಂಕ್ತಿಯದು. ಯೆಹೂದ್ಯರಲ್ಲದ ಹೊಸ ವಿಶ್ವಾಸಿಗಳ ಜೊತೆ ಕುಳಿತು ಉಣ್ಣುತ್ತಿದ್ದ ಪೇತ್ರನು, ಯಾಕೋಬನ ಕಡೆಯಿಂದ ಕೆಲವರು ಬಂದ ಕೂಡಲೇ, ಅವರಿಗೆ ಅಂಜಿ, ಪಂಕ್ತಿಯಿಂದ ಹಿಂದೆ ಸರಿದನು. ಪೌಲನು ಎಲ್ಲರ ಮುಂದೆ ಅವನನ್ನು ಮುಖಾಮುಖಿ ಪ್ರಶ್ನಿಸಿದನು. ನಂಬಿಕೆಯಿಂದಲೇ ನೀತಿ ಎಂಬ ಸಿದ್ಧಾಂತ ಆ ಜಗಳದ ಬೆನ್ನಿಗೇ ಬರುತ್ತದೆ. ಯಾಕೋಬನ ಪತ್ರದ ಎರಡನೆಯ ಅಧ್ಯಾಯವನ್ನು ತೆರೆದರೆ ಅಲ್ಲಿಯೂ ಕುಳ್ಳಿರಿಸುವ ಮಾತೇ. ಚಿನ್ನದ ಉಂಗುರ ತೊಟ್ಟವನು ಸಭೆಗೆ ಬಂದರೆ ಒಳ್ಳೆಯ ಪೀಠ. ಕೊಳಕು ಬಟ್ಟೆಯ ಬಡವ ಬಂದರೆ ಅತ್ತ ನಿಲ್ಲು, ಇಲ್ಲವೇ ನನ್ನ ಕಾಲುಮಣೆಯ ಬಳಿ ಕುಳಿತುಕೋ ಎಂಬ ಉಪಚಾರ. ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದೆಂಬ ಖಂಡನೆ ಹುಟ್ಟುವುದು ಇಲ್ಲಿಂದ.

ಪಂಕ್ತಿಭೇದವೆಂದರೇನೆಂದು ಕನ್ನಡ ನಾಡಿನ ಯಾರಿಗೂ ವಿವರಿಸಬೇಕಾಗಿಲ್ಲ. ಪೌಲ, ಯಾಕೋಬ ಇಬ್ಬರೂ ಎದುರಿಸಿದ್ದು ಅದನ್ನೇ. ಒಬ್ಬನು ಆಚಾರದ ಹೆಮ್ಮೆಯಿಂದಾದ ಪಂಕ್ತಿಭೇದವನ್ನು ಕಂಡು, ನಿನ್ನ ಆಚಾರದಿಂದ ನಿನಗೆ ಯಾವ ಹಿರಿಮೆಯೂ ಬಂದಿಲ್ಲ, ಎಲ್ಲರೂ ಕೃಪೆಯ ಭಿಕ್ಷುಕರೇ ಎಂದನು. ಇನ್ನೊಬ್ಬನು ಹಣದ ಮರ್ಯಾದೆಯಿಂದಾದ ಪಂಕ್ತಿಭೇದವನ್ನು ಕಂಡು, ಪಕ್ಕದವನನ್ನು ನೆಲದಲ್ಲಿ ಕುಳ್ಳಿರಿಸುವ ನಂಬಿಕೆ ನಂಬಿಕೆಯೇ ಅಲ್ಲವೆಂದನು. ಪಂಕ್ತಿಯನ್ನು ಮರೆತು ಸಿದ್ಧಾಂತವನ್ನು ಮಾತ್ರ ಎತ್ತಿಕೊಂಡ ಮುಂದಿನ ಶತಮಾನಗಳಿಗೆ ಇವರಿಬ್ಬರೂ ಶತ್ರುಗಳಂತೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಆ ಶತಮಾನಗಳ ನಡುವೆ ನಿಂತವನು ಮಾರ್ಟಿನ್ ಲೂಥರ್. 1505ರ ಬೇಸಗೆಯಲ್ಲಿ ಕಾನೂನು ವಿದ್ಯಾರ್ಥಿಯಾಗಿದ್ದ ಲೂಥರನು ಸಿಡಿಲಿನ ಭಯದಲ್ಲಿ ಹರಕೆ ಹೊತ್ತು ಎರ್ಫುರ್ಟ್ ನಗರದ ಅಗಸ್ಟಿನ್ ಸಂಪ್ರದಾಯದ ಮಠವನ್ನು ಸೇರಿದನು. ಉಪವಾಸ, ಜಾಗರಣೆ, ಗಂಟೆಗಟ್ಟಲೆ ಪಾಪನಿವೇದನೆ, ಯಾವುದರಲ್ಲಿಯೂ ಅವನು ಹಿಂದೆ ಬೀಳಲಿಲ್ಲ. ಆದರೆ ಮಾಡಿದಷ್ಟೂ ಸಾಲದೆಂಬ ಅಳುಕು ಬೆಳೆಯಿತು. ಹೇಳದೆ ಉಳಿದ ಪಾಪವೊಂದಿದ್ದರೆ? ಪಶ್ಚಾತ್ತಾಪವೇ ನರಕದ ಹೆದರಿಕೆಯಿಂದ ಬಂದದ್ದಾದರೆ, ಅದು ದೇವರ ಮೇಲಣ ಪ್ರೀತಿಯೋ, ನನ್ನ ಮೇಲಣ ಪ್ರೀತಿಯೋ? ಈ ಕೊನೆಯ ಸಂಶಯವೇ ಲೂಥರನ ಪ್ರತಿಭೆ. ಪುಣ್ಯಕ್ಕಾಗಿ ಮಾಡಿದ ಒಳ್ಳೆಯ ಕೆಲಸವು ಒಳಗಿನಿಂದಲೇ ಹುಳಿತಿರುತ್ತದೆಂಬುದನ್ನು ಅವನು ತನ್ನ ಮೈಮೇಲೆ ಪ್ರಯೋಗಿಸಿ ಕಂಡುಕೊಂಡನು. ದೇವರ ನೀತಿಯೆಂದರೆ ಪಾಪಿಯನ್ನು ದಂಡಿಸುವ ನೀತಿಯಲ್ಲ, ಪಾಪಿಗೆ ಉಚಿತವಾಗಿ ತೊಡಿಸುವ ನೀತಿ ಎಂದು ರೋಮಿನ ಪತ್ರವನ್ನು ಅವನು ಓದಿಕೊಂಡಾಗ ಅವನಿಗಾದ ಬಿಡುಗಡೆಯನ್ನು ಅವನ ಬರಹಗಳಲ್ಲಿ ಇಂದಿಗೂ ಕಾಣಬಹುದು.

ಪಾಪದಂಡವನ್ನು ಕಡಮೆ ಮಾಡುವ ಕ್ಷಮಾಪತ್ರಗಳನ್ನು ಕಾಸಿಗೆ ಹಂಚುತ್ತಿದ್ದ ಟೆಟ್ಸೆಲ್‌ನ ಪ್ರಚಾರ 1517ರಲ್ಲಿ ಕಿಡಿಯಾದದ್ದು ಎಲ್ಲರಿಗೂ ತಿಳಿದ ಕಥೆ. ಆ ಹಣದ ಒಂದು ಪಾಲು ರೋಮಿನ ಸಂತ ಪೇತ್ರರ ಮಹಾದೇವಾಲಯದ ಕಟ್ಟಡಕ್ಕೂ, ಇನ್ನೊಂದು ಪಾಲು ಮೈನ್ಜ್‌ನ ಆರ್ಚ್‌ಬಿಷಪ್ ಆಲ್ಬ್ರೆಕ್ಟ್‌ನು ಪದವಿಗಾಗಿ ಫುಗ್ಗರ್ ಮನೆತನದಿಂದ ಪಡೆದ ಸಾಲದ ತೀರುವಳಿಗೂ ಹೋಗುತ್ತಿತ್ತು. ಹಗರಣಗಳು ಎಲ್ಲ ಕಾಲಕ್ಕೂ ಇರುತ್ತವೆ. ಅದಕ್ಕಿಂತ ಆಳವಾದ ಮಾತನ್ನು ಲೂಥರನು 1520ರ ಕ್ರೈಸ್ತನ ಸ್ವಾತಂತ್ರ್ಯವನ್ನು ಕುರಿತ ಕಿರುಹೊತ್ತಗೆಯಲ್ಲಿ ಹೇಳಿದನು. ಅದರ ತಿರುಳನ್ನು ನನ್ನ ಮಾತಿನಲ್ಲಿ ಹೇಳುವುದಾದರೆ: ರಕ್ಷಣೆಗೆ ನನ್ನ ಕ್ರಿಯೆ ಬೇಕಾಗಿಲ್ಲವೆಂದಾದ ಮೇಲೆ ಆ ಕ್ರಿಯೆಯೆಲ್ಲವೂ ನೆರೆಯವನ ಪಾಲಿಗೆ ಉಳಿಯುತ್ತದೆ. ಭಿಕ್ಷುಕನಿಗೆ ಕೊಟ್ಟ ಅನ್ನ ಸ್ವರ್ಗದ ಖಾತೆಯಲ್ಲಿ ಜಮೆಯಾಗಬೇಕಾಗಿಲ್ಲ. ಅದು ಭಿಕ್ಷುಕನ ಹೊಟ್ಟೆಗೆ ಹೋದರೆ ಸಾಕು. ನಂಬಿಕೆಯ ಸಿದ್ಧಾಂತದಲ್ಲಿ ಇದಕ್ಕಿಂತ ದೊಡ್ಡ ಮಾತಿಲ್ಲವೆಂದು ನಾನು ತಿಳಿದಿದ್ದೇನೆ.

ಲೂಥರನ ಪಕ್ಷಪಾತವನ್ನೂ ಹೇಳಬೇಕು. ರೋಮಿನ ಪತ್ರವನ್ನು ಜರ್ಮನಿಗೆ ತರುವಾಗ ಅವನು ಮೂಲದಲ್ಲಿಲ್ಲದ ‘ಮಾತ್ರ’ ಎಂಬ ಶಬ್ದವನ್ನು ಸೇರಿಸಿದನು, ಜರ್ಮನ್ ಜಾಯಮಾನಕ್ಕೆ ಅದು ಬೇಕೆಂದು ಸಮರ್ಥಿಸಿಕೊಂಡನು. ಯಾಕೋಬನ ಪತ್ರವನ್ನು ಒಣಹುಲ್ಲಿಗೆ ಹೋಲಿಸಿದನು. ‘ನಂಬಿಕೆ ಮಾತ್ರ’ ಎಂಬ ಜೋಡಿಪದ ಹೊಸ ಒಡಂಬಡಿಕೆಯ ಮೂಲದಲ್ಲಿ ಒಂದೇ ಒಂದು ಕಡೆ ಬರುತ್ತದೆ. ಅದು ಯಾಕೋಬನ ಪತ್ರದಲ್ಲಿ, ಅದೂ ನಿಷೇಧಾರ್ಥದಲ್ಲಿ.

ಸಿದ್ಧಾಂತವು ಬೀದಿಗಿಳಿದಾಗ ಏನಾಯಿತು? ಮಧ್ಯಯುಗದ ಯೂರೋಪಿನಲ್ಲಿ ಬಡವನಿಗೆ ಒಂದು ಧಾರ್ಮಿಕ ಉಪಯೋಗವಿತ್ತು. ಧನಿಕನು ಕೊಡುತ್ತಿದ್ದನು, ಬಡವನು ಧನಿಕನ ಆತ್ಮಕ್ಕಾಗಿ ಪ್ರಾರ್ಥಿಸುತ್ತಿದ್ದನು. ಕೊಡುವುದರಿಂದ ಪುಣ್ಯವಿಲ್ಲವೆಂದಾದಾಗ ಭಿಕ್ಷಾಟನೆಯು ಪವಿತ್ರವೆಂಬ ಭಾವನೆ ಹೋಗಿ, ಬಡತನವು ಊರಿಗೆ ಊರೇ ಪರಿಹರಿಸಬೇಕಾದ ಸಂಕಟವೆಂದು ಕಾಣತೊಡಗಿತು. 1523ರಲ್ಲಿ ಸ್ಯಾಕ್ಸನಿಯ ಲೈಸ್ನಿಗ್ ಎಂಬ ಸಣ್ಣ ಪಟ್ಟಣದ ಸಭೆ ಸಾಮಾನ್ಯ ನಿಧಿಪೆಟ್ಟಿಗೆಯೊಂದರ ಕಟ್ಟಳೆಯನ್ನು ರಚಿಸಿತು. ಲೂಥರನು ಅದಕ್ಕೆ ಮುನ್ನುಡಿ ಬರೆದನು. ಅನಾಥರು, ವೃದ್ಧರು, ಸಾಲ ಬೇಕಾದ ಕುಶಲಕರ್ಮಿಗಳು, ಶಾಲೆ, ಬರಗಾಲಕ್ಕೆ ಧಾನ್ಯ, ಎಲ್ಲಕ್ಕೂ ಅದರಿಂದ ವೆಚ್ಚವಾಗಬೇಕಿತ್ತು. ದುಡ್ಡನ್ನು ನೋಡಿಕೊಳ್ಳಲು ಹತ್ತು ಮಂದಿ, ಪೆಟ್ಟಿಗೆಗೆ ಹಲವು ಬೀಗ. ಪಟ್ಟಣದ ಆಡಳಿತಗಾರರು ಹಳೆಯ ದತ್ತಿಗಳನ್ನು ಬಿಟ್ಟುಕೊಡಲು ಒಪ್ಪದೆ ಯೋಜನೆ ಕುಂಟಿತು. ಪುಣ್ಯದ ಆಸೆಯಿದ್ದಾಗ ಧಾರಾಳವಾಗಿ ಸುರಿಯುತ್ತಿದ್ದ ಜನ ಈಗ ಬಿಡಿಗಾಸನ್ನೂ ಬಿಚ್ಚುವುದಿಲ್ಲವೆಂದು ಲೂಥರನು ಮುಂದೆ ಪದೇಪದೇ ಗೊಣಗಿದ್ದಾನೆ. ಮನುಷ್ಯಸ್ವಭಾವದ ವಿಷಯದಲ್ಲಿ ಇದಕ್ಕಿಂತ ನೇರವಾದ ಪುರಾವೆ ಬೇಕಿಲ್ಲ: ಆಮಿಷವನ್ನು ತೆಗೆದರೆ ಉದ್ದೇಶ ಶುದ್ಧವಾಗುತ್ತದೆ, ಕೈ ಬಿಗಿಯಾಗುತ್ತದೆ. ಹುಳಿತ ಉದ್ದೇಶದಿಂದ ಕೊಟ್ಟ ಅನ್ನವೂ ಹಸಿದವನಿಗೆ ಅನ್ನವೇ ಎಂದು ಯಾಕೋಬನ ಪಕ್ಷದವರು ಇಲ್ಲಿ ನಕ್ಕರೆ ಉತ್ತರ ಕೊಡುವುದು ಸುಲಭವಲ್ಲ.

ಲೂಥರನ ಶಿಷ್ಯರೊಳಗೇ ಇದರ ಬಗ್ಗೆ ಒಂದು ವಿಚಿತ್ರ ಜಗಳವಾಯಿತು. ರಕ್ಷಣೆಗೆ ಸತ್ಕ್ರಿಯೆಗಳು ಅವಶ್ಯವೆಂದು ಗೇಯೋರ್ಗ್ ಮಾಯೋರ್ ಹೇಳಿದನು. ರಕ್ಷಣೆಗೆ ಅವು ಹಾನಿಕರವೆಂದು ನಿಕೊಲಾಸ್ ಆಮ್ಸ್‌ಡೋರ್ಫ್ ತಿರುಗಿ ಹೇಳಿದನು. 1577ರ ಒಡಂಬಡಿಕೆಯ ಸೂತ್ರದಲ್ಲಿ ಲೂಥರನ್ನರು ಎರಡನ್ನೂ ತಳ್ಳಿಹಾಕಿ, ಸತ್ಕ್ರಿಯೆ ಅವಶ್ಯ, ಆದರೆ ರಕ್ಷಣೆಗಾಗಿ ಅಲ್ಲ ಎಂಬ ನಡುದಾರಿ ಹಿಡಿದರು. ತರ್ಕಕ್ಕೆ ಇದು ಕೊಸರಾಟದಂತೆ ಕಂಡರೂ ಅನುಭವಕ್ಕೆ ಅಪರಿಚಿತವಲ್ಲ. ತಾಯಿ ಮಗುವಿಗೆ ಹಾಲೂಡುವುದು ತಾಯ್ತನವನ್ನು ಗಳಿಸಲಿಕ್ಕಲ್ಲ. ಊಡದೆ ಇರಲು ಅವಳಿಂದಾಗದು.

ಕಥೋಲಿಕ ಪಕ್ಷವನ್ನು ಕುರಿತು ಪ್ರಾಟೆಸ್ಟೆಂಟರಲ್ಲಿ ಬೇರೂರಿದ ತಪ್ಪುಕಲ್ಪನೆಯೊಂದಿದೆ, ಅವರು ಸ್ವಪ್ರಯತ್ನದಿಂದ ಸ್ವರ್ಗ ಗಳಿಸುವವರು ಎಂದು. 1547ರ ಜನವರಿಯಲ್ಲಿ ಟ್ರೆಂಟ್ ಮಹಾಸಭೆ ಹೊರಡಿಸಿದ ತೀರ್ಮಾನದ ಮೊದಲ ನಿಯಮವೇ, ಕ್ರಿಸ್ತನ ಮೂಲಕ ಬರುವ ಕೃಪೆಯಿಲ್ಲದೆ ಬರಿಯ ಕ್ರಿಯೆಗಳಿಂದ ಮನುಷ್ಯನು ನೀತಿವಂತನಾಗಬಲ್ಲನೆನ್ನುವವನನ್ನು ಬಹಿಷ್ಕರಿಸುತ್ತದೆ. ಐದನೆಯ ಶತಮಾನದಲ್ಲಿ ಪೆಲಾಗಿಯಸ್‌ನ ವಿರುದ್ಧ ಸಂತ ಅಗಸ್ಟಿನ್ ಹೂಡಿದ ವಾದವನ್ನು ಎರಡೂ ಪಕ್ಷಗಳು ತಮ್ಮದೆನ್ನುತ್ತವೆ. ಟ್ರೆಂಟ್ ಬೇರೆಯಾದದ್ದು ಎಲ್ಲೆಂದರೆ, ಕೃಪೆಯು ಮುಟ್ಟಿದ ಮನುಷ್ಯನು ಅದಕ್ಕೆ ಸ್ವತಂತ್ರವಾಗಿ ಓಗೊಡುತ್ತಾನೆ, ಸಹಕರಿಸುತ್ತಾನೆ, ನಿಜವಾಗಿಯೂ ಬದಲಾಗುತ್ತಾನೆ ಎನ್ನುವಲ್ಲಿ. ಶ್ರೀವೈಷ್ಣವರ ವಡಗಲೆ ತೆಂಗಲೆ ಚರ್ಚೆಯನ್ನು ಬಲ್ಲವರಿಗೆ ಮರ್ಕಟಕಿಶೋರ, ಮಾರ್ಜಾಲಕಿಶೋರ ನ್ಯಾಯಗಳು ನೆನಪಾಗದಿರವು. ತಾಯಿಯನ್ನು ತಬ್ಬಿ ಹಿಡಿದ ಕೋತಿಮರಿ ಒಂದು, ತಾಯಿಯ ಬಾಯಲ್ಲಿ ಸುಮ್ಮನೆ ತೂಗುವ ಬೆಕ್ಕಿನ ಮರಿ ಇನ್ನೊಂದು. ಹೋಲಿಕೆಯನ್ನು ಹೆಚ್ಚು ಎಳೆಯಬಾರದು. ಎರಡು ಮರಿಗಳನ್ನೂ ಹೊತ್ತೊಯ್ಯುವವಳು ತಾಯಿಯೇ ಎಂಬಷ್ಟು ಮಾತ್ರ ಇಲ್ಲಿಗೆ ಸಲ್ಲುತ್ತದೆ.

ಇನ್ನು ‘ನಂಬಿಕೆ ಮಾತ್ರ’ ಎಂಬ ಮಾತಿನಲ್ಲಿ ಅಡಗಿದ ಗಂಡಾಂತರ. ಕ್ರಿಯೆಯ ಲೆಕ್ಕವನ್ನು ಮುಚ್ಚಿದ ಮೇಲೆ ನಂಬಿಕೆಯ ಲೆಕ್ಕ ತೆರೆದುಕೊಳ್ಳಬಹುದು. ನಾನು ಸಾಕಷ್ಟು ನಂಬಿದ್ದೇನೆಯೇ? ನನ್ನ ಪರಿವರ್ತನೆ ನಿಜವೇ? ಮುಂಬಾಗಿಲಿನಿಂದ ಅಟ್ಟಿದ ಅಳುಕು ಹಿತ್ತಿಲಿನಿಂದ ಒಳಬರುತ್ತದೆ. ತಾನು ಆಯ್ಕೆಯಾದವನೇ ಎಂಬ ಚಿಹ್ನೆಯನ್ನು ಅರಸುತ್ತ ಕ್ಯಾಲ್ವಿನನ ಅನುಯಾಯಿಗಳು ದುಡಿಮೆ, ಮಿತವ್ಯಯಗಳಲ್ಲಿ ತೊಡಗಿದರೆಂದು ಮ್ಯಾಕ್ಸ್ ವೇಬರ್ 1904-05ರಲ್ಲಿ ವಾದಿಸಿದ್ದು ಪ್ರಸಿದ್ಧ. ಅವರ ವಾದವನ್ನು ಇಡಿಯಾಗಿ ಒಪ್ಪದವರೂ ಆ ಮನಃಸ್ಥಿತಿಯ ಚಿತ್ರಣವನ್ನು ಅಲ್ಲಗಳೆಯಲಾರರು.

ಈ ಚರ್ಚೆಗೆ ನಮ್ಮ ಕರಾವಳಿಯಲ್ಲಿಯೂ ಒಂದು ಅಧ್ಯಾಯವುಂಟು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್‌ನವರು 1834ರಲ್ಲಿ ಮಂಗಳೂರಿಗೆ ಬಂದಿಳಿದರು. 1956ರವರೆಗೆ ಕಾಸರಗೋಡೂ ಮಂಗಳೂರಿನೊಡನೆ ಒಂದೇ ಜಿಲ್ಲೆಯಾಗಿತ್ತು. ಮೋಗ್ಲಿಂಗ್, ಕಿಟೆಲ್ ಮೊದಲಾದ ಈ ಮಂದಿ ನಂಬಿಕೆಯಿಂದಲೇ ರಕ್ಷಣೆಯೆಂಬ ಮಾತನ್ನು ಎದೆಗೊತ್ತಿಕೊಂಡ ಭಕ್ತಿಪಂಥದವರು. ಅವರ ಹೆಸರು ಉಳಿದಿರುವುದು ಮಾತ್ರ ಮುದ್ರಣಾಲಯ, ಪತ್ರಿಕೆ, ನಿಘಂಟು, ಶಾಲೆ, ನೇಯ್ಗೆ, ಹಂಚುಗಳಲ್ಲಿ. ಹೊಸದಾಗಿ ದೀಕ್ಷೆ ಪಡೆದವನು ಮನೆ, ಜಾತಿ, ಕಸುಬುಗಳಿಂದ ಹೊರಬೀಳುತ್ತಿದ್ದನು. ಶೇಂದಿ ಇಳಿಸುವವನಿಗೆ ಆ ಕೆಲಸವನ್ನು ಸಭೆಯೇ ನಿಷೇಧಿಸುತ್ತಿತ್ತು. ನಂಬಿಕೆಯ ಕಾರಣದಿಂದ ಬೀದಿಗೆ ಬಿದ್ದವನಿಗೆ ಅನ್ನದ ದಾರಿ ತೋರಿಸುವ ಹೊಣೆ, ನಂಬಿಕೆಯನ್ನು ಬೋಧಿಸಿದವರ ಮೇಲೆಯೇ ಬಂತು. 1865ರಲ್ಲಿ ಪ್ಲೆಬ್ಸ್ಟ್ ಎಂಬವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದುದರ ಹಿನ್ನೆಲೆಯಲ್ಲಿ ಈ ಅನಿವಾರ್ಯತೆಯಿತ್ತು. ಜನ ಕೆಲಸಕ್ಕಾಗಿ ಮತ ಬದಲಿಸುತ್ತಾರೆಂಬ ಆಕ್ಷೇಪ ಹುಟ್ಟಿತು. ಅದನ್ನು ಸುಳ್ಳೆಂದು ತಳ್ಳಲು ನಾನು ಸಿದ್ಧನಿಲ್ಲ. ಆದರೆ ಹಸಿವೆಯ ಒತ್ತಡವೇ ಇಲ್ಲದ, ಶುದ್ಧವಾದ ನಂಬಿಕೆಯನ್ನು ಬಡವನಿಂದ ಮಾತ್ರ ನಿರೀಕ್ಷಿಸುವುದರಲ್ಲಿ ಎಂಥ ನ್ಯಾಯವಿದೆ? ಹೊಟ್ಟೆ ತುಂಬಿದವರ ನಂಬಿಕೆಯಲ್ಲಿ ಎಷ್ಟು ಪಾಲು ಕುಲದ ಹೆಮ್ಮೆ, ಎಷ್ಟು ಪಾಲು ರೂಢಿ ಎಂದು ಯಾರೂ ತೂಗಿ ನೋಡುವುದಿಲ್ಲ.

ಅತ್ಯಂತ ಕಠಿಣವಾದ ಪ್ರಸಂಗ ಶಿಲುಬೆಯ ಮೇಲಿನದು. ಮಂಜೇಶ್ವರದ ಗೋವಿಂದ ಪೈಗಳು ‘ಗೊಲ್ಗೊಥಾ’ ಖಂಡಕಾವ್ಯಕ್ಕೆ ವಸ್ತುವಾಗಿ ಆರಿಸಿಕೊಂಡ ಆ ದಿನದ ಕಥೆ ಈ ನೆಲದ ಓದುಗರಿಗೆ ಹೊಸತಲ್ಲ. ಯೇಸುವಿನ ಪಕ್ಕದಲ್ಲಿ ನೇತಾಡುತ್ತಿದ್ದ ಅಪರಾಧಿಗಳಲ್ಲಿ ಒಬ್ಬನು ಕೊನೆಯ ಗಳಿಗೆಯಲ್ಲಿ ಆತನತ್ತ ತಿರುಗುತ್ತಾನೆ. ಆ ದಿನವೇ ಪರದೈಸಿನ ಭರವಸೆ ಪಡೆಯುತ್ತಾನೆಂದು ಲೂಕನು ಬರೆದಿದ್ದಾನೆ. ಸತ್ಕ್ರಿಯೆಗೆ ಅವನಿಗೆ ಸಮಯವೂ ಇರಲಿಲ್ಲ, ಬಿಡುವಾದ ಕೈಯೂ ಇರಲಿಲ್ಲ. ಕೃಪೆಯ ಪಕ್ಷದವರು ಇದನ್ನು ಸಂತೋಷದಿಂದ ಓದುತ್ತಾರೆ. ಅವನಿಂದ ಕೆಟ್ಟವರು ಏನೆನ್ನುತ್ತಾರೆ? ಅವನು ದೋಚಿದ ಮನೆಯ ವಿಧವೆ, ಅವನ ಕತ್ತಿಗೆ ಸಿಕ್ಕವನ ಮಗು? ದೇವರು ಕ್ಷಮಿಸಿದ ಮಾತ್ರಕ್ಕೆ ಅವರ ನಷ್ಟ ತುಂಬಿತೇ? ಈ ಪ್ರಶ್ನೆಗೆ ‘ನಂಬಿಕೆ ಮಾತ್ರ’ ಎಂಬುದರಲ್ಲಿ ನನಗೆ ಉತ್ತರ ಕಂಡಿಲ್ಲ. ಯೆರಿಕೋವಿನ ತೆರಿಗೆ ವಸೂಲಿಗಾರ ಜಕ್ಕಾಯನ ಕಥೆಯನ್ನೂ ಅದೇ ಲೂಕನು ಹೇಳಿದ್ದಾನೆ. ಯೇಸು ತನ್ನ ಮನೆಗೆ ಬಂದ ಮೇಲೆ ಜಕ್ಕಾಯನು ಅರ್ಧ ಆಸ್ತಿಯನ್ನು ಬಡವರಿಗೆ ಕೊಡುವೆನೆಂದು, ಮೋಸದಿಂದ ಕಸಿದುದನ್ನು ನಾಲ್ಕು ಪಟ್ಟು ಹಿಂದಿರುಗಿಸುವೆನೆಂದು ಎದ್ದು ನಿಲ್ಲುತ್ತಾನೆ. ಆ ಲೆಕ್ಕ ದೇವರಿಗೆ ಒಪ್ಪಿಸಿದ್ದಲ್ಲ. ಊರಿನ ಜನಕ್ಕೆ ಒಪ್ಪಿಸಿದ್ದು. ಕೈ ಬಿಡುವಾಗಿರುವವನಿಗೆ ಕಳ್ಳನ ದೃಷ್ಟಾಂತ ಸಲ್ಲದು, ಜಕ್ಕಾಯನದೇ ಸಲ್ಲುವುದು. ಹಿಟ್ಲರನ ಜರ್ಮನಿಯಲ್ಲಿ ಡೀಟ್ರಿಖ್ ಬಾನ್‌ಹೋಫರ್ ಅವರು 1937ರಲ್ಲಿ ‘ಅಗ್ಗದ ಕೃಪೆ’ಯನ್ನು ಖಂಡಿಸಿ ಬರೆದದ್ದು ಲೂಥರನ ಸಭೆಯವರಾಗಿಯೇ. ನೆರೆಯ ಯೆಹೂದ್ಯನನ್ನು ಪೊಲೀಸರು ಎಳೆದೊಯ್ಯುವಾಗ ಕೃಪೆಯ ಸಿದ್ಧಾಂತವನ್ನು ಹೊದ್ದು ಮಲಗಿದ ಸಭೆಯ ನಡುವೆ ಅವರು ಬದುಕಿದರು. 1945ರ ಏಪ್ರಿಲಿನಲ್ಲಿ ಗಲ್ಲಿಗೇರಿದರು.

1999ರ ಅಕ್ಟೋಬರ್ 31ರಂದು ಆಗ್ಸ್‌ಬುರ್ಗ್ ನಗರದಲ್ಲಿ ಕಥೋಲಿಕ ಸಭೆಯೂ ಲೂಥರನ್ ವಿಶ್ವ ಒಕ್ಕೂಟವೂ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದವು; 2006ರಲ್ಲಿ ಮೆಥಡಿಸ್ಟರು, 2017ರಲ್ಲಿ ರಿಫಾರ್ಮ್ಡ್ ಸಭೆಗಳ ಒಕ್ಕೂಟದವರು ಸೇರಿಕೊಂಡರು. ಕೃಪೆಯಿಂದಲೇ ಸ್ವೀಕಾರ, ಆ ಸ್ವೀಕಾರದಿಂದಲೇ ಸತ್ಕ್ರಿಯೆಗೆ ಪ್ರೇರಣೆ ಎಂಬಷ್ಟನ್ನು ಎಲ್ಲರೂ ಒಪ್ಪಿದರು. ಅನೇಕ ಜೀವಗಳನ್ನು ಬಲಿಗೊಂಡ ಜಗಳವೊಂದು ಕಾಗದದ ಮೇಲೆ ಇಷ್ಟಕ್ಕೆ ಇಳಿದದ್ದು ಸಣ್ಣ ಸಾಧನೆಯಲ್ಲ. ಆದರೂ ಒಂದೇ ಪ್ರಭುಭೋಜನದಲ್ಲಿ ಈ ಸಭೆಗಳು ಇಂದಿಗೂ ಕೂಡಿ ಉಣ್ಣುವುದಿಲ್ಲ. ಅಂತಿಯೋಕ್ಯದ ಪಂಕ್ತಿಯ ಪ್ರಶ್ನೆ ಅಲ್ಲಿಯೇ ಇದೆ.

ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ ಅಂತಿಮ ತೀರ್ಪಿನ ಚಿತ್ರವೊಂದಿದೆ. ಹಸಿದವನಿಗೆ ಉಣಿಸಿದವರು, ಪರದೇಶಿಯನ್ನು ಮನೆಗೆ ಕರೆದವರು, ಸೆರೆಯಲ್ಲಿದ್ದವನನ್ನು ನೋಡಹೋದವರು ಅರಸನ ಬಲಗಡೆಗೆ ಬರುತ್ತಾರೆ. ಕ್ರಿಯೆಯ ಪಕ್ಷದವರ ನೆಚ್ಚಿನ ಭಾಗವಿದು. ನನ್ನ ಗಮನವನ್ನು ಸೆಳೆಯುವುದು ಆ ಜನರ ಬೆರಗು. ಅರಸನು ನೀವು ನನಗೆ ಉಣಿಸಿದಿರಿ ಎಂದಾಗ ಅವರಿಗೆ ಅರ್ಥವಾಗುವುದಿಲ್ಲ. ಯಾವಾಗ ಎಂದು ಕೇಳುತ್ತಾರೆ. ಅನ್ನ ಬಡಿಸುವಾಗ ಅವರು ಅರಸನನ್ನು ಕಂಡಿರಲಿಲ್ಲ, ಸ್ವರ್ಗವನ್ನೂ ನೆನೆದಿರಲಿಲ್ಲ. ಅವರಿಗೆ ಕಂಡದ್ದು ಎಲೆಯ ಮುಂದೆ ಕುಳಿತ ಹಸಿದವನೊಬ್ಬ.